ಕಾರ್ಡಿನ ಹಿಂದಿದ್ದ ಪೆನ್ಸಿಲ್ ಸಾಲು

ನಾನು ಲೈಬ್ರರಿ ಕೆಲಸಕ್ಕೆ ಸೇರಿದ್ದು 1994ರಲ್ಲಿ. ಮೊದಲ ಆರು ತಿಂಗಳು ಕ್ಯಾಟಲಾಗ್ ಡ್ರಾಯರ್‌ನ ಕಂಬಿ ಮುಟ್ಟಲು ನನಗೆ ಅನುಮತಿ ಇರಲಿಲ್ಲ.

ಕಂಬಿ ಅಂದರೆ ಏನು ಅಂತ ಈಗಿನವರಿಗೆ ಬಿಡಿಸಿ ಹೇಳಬೇಕು. ಕ್ಯಾಟಲಾಗ್ ಕಾರ್ಡು ಅಂದರೆ ಪುಸ್ತಕದ ವಿವರ ಬರೆದಿಡುವ, 12.5 ಸೆಂಟಿಮೀಟರ್ ಅಗಲ, 7.5 ಸೆಂಟಿಮೀಟರ್ ಎತ್ತರದ ದಪ್ಪ ಕಾಗದ. ಕೆಳಗಡೆ ನಡುವೆ ಒಂದು ತೂತು. ಡ್ರಾಯರ್‌ನಲ್ಲಿ ಕಾರ್ಡುಗಳನ್ನು ಅಕ್ಷರದ ಸಾಲಿನಲ್ಲಿ ನಿಲ್ಲಿಸಿ, ಮುಂದಿನಿಂದ ಉದ್ದನೆಯ ಕಂಬಿ ತೂರಿಸಿದರೆ ಎಲ್ಲವೂ ಪೋಣಿಸಿದ ಹಾಗೆ ನಿಲ್ಲುತ್ತವೆ. ಯಾರೂ ಒಂದು ಕಾರ್ಡನ್ನು ಎತ್ತಿಕೊಂಡು ಹೋಗುವ ಹಾಗಿಲ್ಲ. ಹೊಸ ಕಾರ್ಡು ಸೇರಿಸುವಾಗ ಕಂಬಿ ತೆಗೆಯದೆ, ಅದು ಎಲ್ಲಿ ಸೇರಬೇಕೋ ಅಲ್ಲಿ ಕಂಬಿಯ ಮೇಲೆ ಕೂರಿಸುತ್ತಿದ್ದೆವು. ಆಗ ಅದು ಉಳಿದವಕ್ಕಿಂತ ಒಂದು ಬೆರಳಷ್ಟು ಮೇಲೆ ನಿಲ್ಲುತ್ತದೆ. ಸಂಜೆ ನಮ್ಮ ಹಿರಿಯ ಲೈಬ್ರೇರಿಯನ್ ಬಂದು ಹಾಗೆ ತಲೆ ಎತ್ತಿದ ಕಾರ್ಡುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಹಿಂದಿನ ಕಾರ್ಡು, ಮುಂದಿನ ಕಾರ್ಡು, ನಡುವಿನದ್ದು. ಸರಿ ಇದ್ದರೆ ಕಂಬಿ ಎಳೆದು ಕಾರ್ಡನ್ನು ಕೆಳಗಿಳಿಸಿ ಮತ್ತೆ ತೂರಿಸುತ್ತಿದ್ದರು. ತಪ್ಪಿದ್ದರೆ ತೆಗೆದು ನನ್ನ ಮೇಜಿನ ಮೇಲೆ ಇಡುತ್ತಿದ್ದರು.

"ತಪ್ಪು ಜಾಗದಲ್ಲಿ ಕೂತ ಕಾರ್ಡು ಅಂದರೆ ಕಳೆದುಹೋದ ಪುಸ್ತಕ ಕಣಮ್ಮ" ಅನ್ನುತ್ತಿದ್ದರು ಸರ್. "ಪುಸ್ತಕ ರ್‍ಯಾಕ್‌ನಲ್ಲೇ ಇರುತ್ತೆ. ಆದರೆ ಯಾರಿಗೂ ಸಿಗಲ್ಲ."

ಮೂವತ್ತು ವರ್ಷ ಆಯಿತು. ಆ ಡ್ರಾಯರ್ ಈಗ ಇಲ್ಲ. ಆದರೆ ಆ ಮಾತು ಇವತ್ತಿಗೂ ನನ್ನ ದಿನದ ಕೆಲಸದಲ್ಲಿ ಇದೆ.

ಒಂದು ಪುಸ್ತಕಕ್ಕೆ ಕನಿಷ್ಠ ನಾಲ್ಕೈದು ಕಾರ್ಡು ಬೇಕಾಗುತ್ತಿತ್ತು. ಲೇಖಕರ ಹೆಸರಿಗೆ ಒಂದು, ಪುಸ್ತಕದ ಹೆಸರಿಗೆ ಒಂದು, ವಿಷಯಕ್ಕೆ ಒಂದೋ ಎರಡೋ, ಸಂಪಾದಕರೋ ಅನುವಾದಕರೋ ಇದ್ದರೆ ಅವರಿಗೊಂದು. ಮುಖ್ಯ ಕಾರ್ಡಿನ ಹಿಂಬದಿಯಲ್ಲಿ ಈ ಪುಸ್ತಕಕ್ಕೆ ಬೇರೆ ಯಾವ ಯಾವ ಕಾರ್ಡು ಮಾಡಿದ್ದೇವೆ ಅನ್ನುವ ಪಟ್ಟಿ ಇರುತ್ತಿತ್ತು. ಮುಂದೆ ಪುಸ್ತಕ ತೆಗೆದುಹಾಕಬೇಕಾಗಿ ಬಂದರೆ ಆ ಪಟ್ಟಿ ಹಿಡಿದು ಎಲ್ಲ ಕಾರ್ಡನ್ನೂ ಹುಡುಕಿ ತೆಗೆಯಬಹುದು, ಅದಕ್ಕೆ. ಆ ಪಟ್ಟಿಯ ಕೆಳಗೆ ಸ್ವಲ್ಪ ಖಾಲಿ ಜಾಗ ಉಳಿಯುತ್ತಿತ್ತು. ಅಲ್ಲಿ ಸರ್ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು.

ನಾನು ಮೊದಲು ಓದಿದ ಸಾಲು ಒಂದು ಪ್ರವಾಸ ಕಥನದ ಕಾರ್ಡಿನದ್ದು. ಪುಸ್ತಕ 910ರ ಗುಂಪಿನಲ್ಲಿ ಇತ್ತು. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಪ್ರವಾಸದ ಪುಸ್ತಕಗಳ ಜಾಗ ಅದೇ. ಕಾರ್ಡಿನ ಹಿಂದೆ ಹೀಗೆ ಬರೆದಿತ್ತು: "9ನೇ ಅಧ್ಯಾಯ ಪೂರ್ತಿ ಹಡಗಿನಲ್ಲಿ ಕ್ವಾರಂಟೈನ್ ಇಟ್ಟ ಬಗ್ಗೆ. 614 ಕೇಳುವವರಿಗೆ ತೋರಿಸಿ." 614 ಅಂದರೆ ಸಾರ್ವಜನಿಕ ಆರೋಗ್ಯ, ರೋಗ ಹರಡದಂತೆ ತಡೆಯುವ ವಿಷಯ. ಆ ಎರಡು ರ್‍ಯಾಕ್‌ಗಳ ನಡುವೆ ಒಂದು ಇಡೀ ಕೋಣೆಯ ದೂರ. ಕಾಯಿಲೆಯ ಬಗ್ಗೆ ಓದಲು ಬಂದವರು ಪ್ರವಾಸದ ಕಡೆ ತಿರುಗಿಯೂ ನೋಡಲ್ಲ ಅಲ್ವಾ? ಸರ್ ಆ ಪುಸ್ತಕ ಓದಿದ್ದರು. ಓದಿದ್ದಕ್ಕೇ ಅದು ಅವರಿಗೆ ಗೊತ್ತಿತ್ತು.

ಒಬ್ಬರು ಲೈಬ್ರೇರಿಯನ್ ಎಷ್ಟು ಪುಸ್ತಕ ಓದಲು ಸಾಧ್ಯ? ಹೆಚ್ಚೇನಿಲ್ಲ. ಆದರೆ ಓದಿದ ಕೆಲವನ್ನಾದರೂ ಹೀಗೆ ಗುರುತು ಮಾಡಿಟ್ಟರೆ ಮುಂದೆ ಬರುವವರಿಗೆ ದಾರಿ ಸಿಗುತ್ತದೆ. ಭಾರತದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಅನ್ನುವುದು. ಕಾಲೇಜಿನಲ್ಲಿ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದೆ. ಅದರ ಅರ್ಥ ನನಗೆ ಕಂಡದ್ದು ಆ ಪೆನ್ಸಿಲ್ ಸಾಲುಗಳಲ್ಲಿ.

2003ರಲ್ಲಿ ಲೈಬ್ರರಿಯನ್ನು ಕಂಪ್ಯೂಟರ್‌ಗೆ ತರುವ ತೀರ್ಮಾನ ಆಯಿತು. ಸರ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ನಮ್ಮಲ್ಲಿ ನಲವತ್ತು ಸಾವಿರದ ಹತ್ತಿರ ಪುಸ್ತಕ. ನಾವು ಮೂರೇ ಜನ. ಹಾಗಾಗಿ ಡೇಟಾ ಎಂಟ್ರಿ ಹೊರಗಿನವರಿಗೆ ಕೊಟ್ಟರು. ಐದಾರು ಜನ ಹುಡುಗ ಹುಡುಗಿಯರು ಬಂದು ಕೂತರು. ಡ್ರಾಯರ್ ಎಳೆದು ಮೇಜಿನ ಮೇಲೆ ಇಟ್ಟುಕೊಂಡು ಟಕಟಕ ಅಂತ ಟೈಪ್ ಮಾಡುತ್ತಿದ್ದರು. ಅವರ ವೇಗ ನೋಡಿ ನನಗೆ ಖುಷಿಯಾಗಿತ್ತು. ಮೂರನೇ ದಿನ ಹತ್ತಿರ ಹೋಗಿ ನಿಂತೆ. ಯಾರೂ ಕಾರ್ಡು ತಿರುಗಿಸುತ್ತಿರಲಿಲ್ಲ.

"ಹಿಂದೆ ಬರೆದಿದ್ದು?" ಅಂದೆ.

"ಅದಕ್ಕೆ ಫಾರಂನಲ್ಲಿ ಕಾಲಂ ಇಲ್ಲ ಮೇಡಂ" ಅಂದಳು ಒಬ್ಬ ಹುಡುಗಿ. ಅವಳದ್ದೇನೂ ತಪ್ಪಿಲ್ಲ. ಕೊಟ್ಟ ಫಾರಂನಲ್ಲಿ ಎಂಟು ಕಾಲಂ ಇತ್ತು, ಅವಳು ಎಂಟನ್ನೂ ತುಂಬುತ್ತಿದ್ದಳು.

ಕಾಲಂ ಇರಲಿಲ್ಲ ನಿಜ. ಆದರೆ ಜಾಗ ಇತ್ತು. ಲೈಬ್ರರಿ ಕಂಪ್ಯೂಟರ್‌ಗಳಲ್ಲಿ ಪುಸ್ತಕದ ವಿವರ ಇಡುವ ಕ್ರಮಕ್ಕೆ ಮಾರ್ಕ್ (MARC) ಅನ್ನುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಆವ್ರಮ್ ಅವರ ಮುಂದಾಳತ್ವದಲ್ಲಿ ರೂಪುಗೊಂಡದ್ದು. ಅವರು ಲೈಬ್ರೇರಿಯನ್ ಆಗಿ ಓದಿದವರಲ್ಲ, ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಿದ್ದವರು. ಆದರೆ ಒಂದು ಕಾರ್ಡಿನಲ್ಲಿ ಏನೇನು ಇರುತ್ತದೆ ಅನ್ನುವುದನ್ನು ಅವರಷ್ಟು ಸೂಕ್ಷ್ಮವಾಗಿ ನೋಡಿದವರು ಕಡಿಮೆ. ಮಾರ್ಕ್‌ನಲ್ಲಿ ಪ್ರತಿ ವಿವರಕ್ಕೂ ಮೂರು ಅಂಕಿಯ ಸಂಖ್ಯೆ ಇದೆ. ಲೇಖಕರಿಗೆ 100, ಪುಸ್ತಕದ ಹೆಸರಿಗೆ 245, ಪುಸ್ತಕದ ಮೇಲೆ ಅಚ್ಚಾಗುವ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ 020. ಮತ್ತೆ 500 ಅಂತ ಒಂದು ಇದೆ. ಅದು ಟಿಪ್ಪಣಿಗೆ. ಬೇರೆಲ್ಲೂ ಸೇರದ ಮಾತನ್ನು ಅಲ್ಲಿ ಬರೆಯಬಹುದು.

ಪೆನ್ಸಿಲ್ ಸಾಲುಗಳನ್ನು 500ರಲ್ಲಿ ಹಾಕಿಸಿ ಅಂತ ಕೇಳಿದೆ. ಒಪ್ಪಂದದಲ್ಲಿ ಇಲ್ಲ, ಆಗಲ್ಲ ಅಂದರು. ಡೇಟಾ ಎಂಟ್ರಿ ಮುಗಿದ ಮೇಲೆ ಕಾರ್ಡುಗಳನ್ನು ತೂಕಕ್ಕೆ ಹಾಕುವ ಮಾತೂ ನಡೆದಿತ್ತು. ನಾನು ಒಂದೇ ಒಂದು ಕೋರಿಕೆ ಇಟ್ಟೆ. ಹಿಂದೆ ಪೆನ್ಸಿಲ್ ಇರುವ ಕಾರ್ಡು ಸಿಕ್ಕರೆ ಅದನ್ನು ಪಕ್ಕದ ರಟ್ಟಿನ ಡಬ್ಬಕ್ಕೆ ಹಾಕಿ ಸಾಕು. ಅದಕ್ಕೆ ಆ ಹುಡುಗಿ ತಕ್ಷಣ ಒಪ್ಪಿದಳು. ಉಳಿದವರಿಗೂ ಅವಳೇ ಹೇಳಿದಳು. ಕೊನೆಗೆ ಮೂರು ಡಬ್ಬ ತುಂಬಿತು.

ಆ ಮೂರು ಡಬ್ಬ ಮುಗಿಸಲು ನನಗೆ ಎರಡು ವರ್ಷ ಹಿಡಿಯಿತು. ದಿನಾ ಸಂಜೆ ಕೌಂಟರ್ ಮುಚ್ಚಿದ ಮೇಲೆ ಇಪ್ಪತ್ತು, ಇಪ್ಪತ್ತೈದು ಕಾರ್ಡು. ಕೆಲವು ಕಡೆ ಪೆನ್ಸಿಲ್ ಮಸುಕಾಗಿರುತ್ತಿತ್ತು. ಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕಾಗದದ ಮೇಲೆ ಒತ್ತಿದ ಗುರುತು ಕಾಣುತ್ತದೆ, ಹಾಗೆ ಓದುತ್ತಿದ್ದೆ. ಅಷ್ಟಾದರೂ ಅರ್ಥವಾಗದೆ ಹೋದರೆ ಪುಸ್ತಕವನ್ನೇ ತಂದು ಆ ಪುಟ ತೆಗೆಯುತ್ತಿದ್ದೆ. ನನ್ನ ಇಡೀ ಕೆಲಸದಲ್ಲಿ ನಾನು ಜಾಸ್ತಿ ಕಲಿತದ್ದು ಆ ಎರಡು ವರ್ಷಗಳಲ್ಲಿ.

ಅಷ್ಟರಲ್ಲಿ ಹೊರಗಿನವರು ಮಾಡಿಕೊಟ್ಟ ಎಂಟ್ರಿಗಳ ತಪ್ಪುಗಳು ಒಂದೊಂದಾಗಿ ಹೊರಬರತೊಡಗಿದವು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈಗಲೂ ಯಾರಾದರೂ ಹಳೆ ದಾಖಲೆಗಳನ್ನು ಕಂಪ್ಯೂಟರ್‌ಗೆ ತರುತ್ತಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲನೆಯದು 'ದಿ'. ಇಂಗ್ಲಿಷ್ ಪುಸ್ತಕಗಳ ಹೆಸರಿನ ಮೊದಲು ಬರುವ 'ದಿ', 'ಎ', 'ಆ್ಯನ್' ಇವನ್ನು ಅಕ್ಷರದ ಸಾಲು ಹಿಡಿಯುವಾಗ ಬಿಟ್ಟುಬಿಡಬೇಕು. ಕಾರ್ಡು ಜೋಡಿಸುವಾಗ ಅದು ನಮ್ಮ ತಲೆಯಲ್ಲೇ ಇರುತ್ತಿತ್ತು. ಕಂಪ್ಯೂಟರ್‌ಗೆ ಹೇಳಿಕೊಡಬೇಕು. 245ರ ಜೊತೆ ಒಂದು ಅಂಕಿ ಇರುತ್ತದೆ, ಹೆಸರಿನ ಎಷ್ಟು ಅಕ್ಷರ ಬಿಟ್ಟು ಲೆಕ್ಕ ಹಿಡಿಯಬೇಕು ಅಂತ ಹೇಳುವ ಅಂಕಿ. 'ದಿ'ಗೆ ಇಂಗ್ಲಿಷ್‌ನಲ್ಲಿ ಮೂರು ಅಕ್ಷರ, ಆಮೇಲಿನ ಖಾಲಿ ಜಾಗ ಒಂದು, ಒಟ್ಟು 4. ನಮ್ಮ ಎಂಟ್ರಿಗಳಲ್ಲಿ ಎಲ್ಲಕ್ಕೂ 0 ಬಿದ್ದಿತ್ತು. ಹೆಸರಿನ ಪಟ್ಟಿ ತೆಗೆದರೆ ಸಾವಿರಾರು ಪುಸ್ತಕ ಒಂದೇ ಕಡೆ ಗುಂಪು ಸೇರಿದ್ದವು, ಎಲ್ಲವೂ 'ದಿ' ಅಂತ ಶುರುವಾಗುವವು.

ಎರಡನೆಯದು ಐಎಸ್‌ಬಿಎನ್. ಎಂಟ್ರಿಯನ್ನು ಎಕ್ಸೆಲ್‌ನಲ್ಲಿ ಮಾಡಿದ್ದರು. ಎಕ್ಸೆಲ್‌ಗೆ ಅದು ಸುಮ್ನೆ ಒಂದು ಸಂಖ್ಯೆ. ಮುಂದೆ ಸೊನ್ನೆ ಇದ್ದರೆ ತೆಗೆದುಹಾಕುತ್ತದೆ. ಹಾಗಾಗಿ ಸೊನ್ನೆಯಿಂದ ಶುರುವಾಗುವ ಹತ್ತಂಕಿಯ ಐಎಸ್‌ಬಿಎನ್‌ಗಳೆಲ್ಲ ಒಂಬತ್ತಂಕಿಗೆ ಇಳಿದಿದ್ದವು. 2007ರ ಜನವರಿಯಿಂದ ಐಎಸ್‌ಬಿಎನ್ 13 ಅಂಕಿಯದ್ದಾಯಿತು. ಆಮೇಲೆ ಇನ್ನೊಂದು ಗೋಳು. ಅಷ್ಟುದ್ದ ಸಂಖ್ಯೆಯನ್ನು ಎಕ್ಸೆಲ್ 9.78E+12 ಅಂತ ಮೊಟಕು ಮಾಡಿ ತೋರಿಸುತ್ತದೆ. ಅದನ್ನು ಹಾಗೇ ಬೇರೆ ಫೈಲಿಗೆ ಸೇವ್ ಮಾಡಿದರೆ ಉಳಿದ ಅಂಕಿಗಳು ಹೋದವು ಅಂತಲೇ ಲೆಕ್ಕ. ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಬದಲಾಯಿಸಿಕೊಳ್ಳಬೇಕು. ಇಷ್ಟೇ ಕೆಲಸ. ಗೊತ್ತಿಲ್ಲದಿದ್ದರೆ ಸಾವಿರಾರು ಪುಸ್ತಕ ಮತ್ತೆ ತೆಗೆದು ನೋಡಬೇಕು. ನಾವು ನೋಡಿದೆವು.

ಬಾರ್‌ಕೋಡ್ ಅಂಟಿಸಿದ್ದು ಇನ್ನೊಂದು ಕಥೆ. ಪುಸ್ತಕಗಳು ಲೈಬ್ರರಿಗೆ ಸೇರಿದ ಸಾಲಿನಲ್ಲಿ ಕೊಡುವ ಅಕ್ಸೆಷನ್ ನಂಬರಿನ ಕ್ರಮದಲ್ಲೇ ಸ್ಟಿಕ್ಕರ್ ಹಾಳೆಗಳು ಮುದ್ರಣವಾಗಿ ಬಂದಿದ್ದವು. ಒಬ್ಬರು ನಂಬರ್ ಓದುವುದು, ಇನ್ನೊಬ್ಬರು ಅಂಟಿಸುವುದು. ಒಂದು ಮಧ್ಯಾಹ್ನ ಯಾವುದೋ ಒಂದು ಪುಸ್ತಕ ಇಶ್ಯೂ ಆಗಿ ಹೊರಗಿತ್ತು, ಅದರ ಸ್ಟಿಕ್ಕರ್ ಪಕ್ಕಕ್ಕೆ ತೆಗೆದಿಡದೆ ಮುಂದಿನ ಪುಸ್ತಕಕ್ಕೆ ಅಂಟಿಸಿಬಿಟ್ಟರು. ಅಲ್ಲಿಂದ ಮುಂದೆ ಪ್ರತಿ ಪುಸ್ತಕವೂ ತನ್ನ ಹಿಂದಿನ ಪುಸ್ತಕದ ಹೆಸರು ಹೊತ್ತುಕೊಂಡಿತು. ಇದು ಗೊತ್ತಾಗಿದ್ದು ಹತ್ತು ದಿನ ಆದ ಮೇಲೆ. ಒಬ್ಬ ವಿದ್ಯಾರ್ಥಿ ಗಣಿತದ ಪುಸ್ತಕ ತಂದ, ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ ತತ್ವಶಾಸ್ತ್ರ ಅಂತ ಬಂತು. ಪಕ್ಕದ ಪುಸ್ತಕ ತಂದು ನೋಡಿದೆ, ಅದರಲ್ಲಿ ಈ ಗಣಿತ. ಅದರ ಪಕ್ಕದ್ದು ತಂದೆ. ಹಾಗೇ ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಎಲ್ಲಿಂದ ಜಾರಿತು ಅಂತ ಹುಡುಕಿದೆ. ಮುನ್ನೂರಕ್ಕೂ ಹೆಚ್ಚು ಪುಸ್ತಕ. ಸ್ಟಿಕ್ಕರ್ ಕಿತ್ತರೆ ಕಾಗದ ಹರಿಯುತ್ತದೆ. ಹಾಗಾಗಿ ಹೊಸ ಸ್ಟಿಕ್ಕರ್ ಮುದ್ರಿಸಿ ಹಳೆಯದರ ಮೇಲೇ ಅಂಟಿಸಿದೆವು. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಪ್ರತಿ ಇಪ್ಪತ್ತು ಪುಸ್ತಕಕ್ಕೊಮ್ಮೆ ನಿಲ್ಲಿಸಿ, ಕೊನೆಯದನ್ನು ಸ್ಕ್ಯಾನ್ ಮಾಡಿ, ಪರದೆಯ ಮೇಲಿನ ಹೆಸರನ್ನು ಜೋರಾಗಿ ಓದುವುದು. ಕಂಬಿಯ ಮೇಲೆ ಕಾರ್ಡು ಕೂರಿಸಿ ಸಂಜೆ ನೋಡುತ್ತಿದ್ದರಲ್ಲ ಸರ್, ಅದೇ ಕೆಲಸ.

ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯ ಪುಸ್ತಕಗಳ ಕಷ್ಟ ಇನ್ನೂ ಜಾಸ್ತಿ. ಕನ್ನಡವನ್ನೇ ತೆಗೆದುಕೊಳ್ಳಿ. ಆಗ ನಾವು ಬಳಸುತ್ತಿದ್ದ ಫಾಂಟ್‌ಗಳಲ್ಲಿ ಕನ್ನಡ ಅಕ್ಷರ ಕಾಣುತ್ತಿತ್ತು ಅಷ್ಟೆ, ಕಂಪ್ಯೂಟರ್‌ನ ಒಳಗೆ ಅದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂತಿರುತ್ತಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆಗೆದರೆ ಬರೀ ಚಿಹ್ನೆಗಳು. ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಲು ಬರುತ್ತಿರಲಿಲ್ಲ, ಹುಡುಕಲೂ ಬರುತ್ತಿರಲಿಲ್ಲ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಆದರೆ ಅದು ನಮ್ಮ ಮೇಜಿನ ತನಕ ಬರಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಬಂದ ಮೇಲೆ ಎಲ್ಲವನ್ನೂ ಬದಲಾಯಿಸಿದೆವು. ಆದರೂ ಕೆಲವು ಪುಸ್ತಕ ಸಿಗುತ್ತಲೇ ಇರಲಿಲ್ಲ. 'ಸಂಗೀತ' ಅಂತ ಹುಡುಕಿದರೆ ಇರುವ ಅರ್ಧ ಪುಸ್ತಕ ಮಾತ್ರ ಬರುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ಒಂದು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಟೈಪ್ ಮಾಡಿದವರು ಅನುಸ್ವಾರ ಹಾಕುವ ಕಡೆ ಕನ್ನಡ ಅಂಕಿಯ ಸೊನ್ನೆ ಹಾಕಿದ್ದರು. ಎರಡೂ ನೋಡಲು ಒಂದೇ ದುಂಡು. ಮನುಷ್ಯರು ಓದಿಕೊಳ್ಳುತ್ತಾರೆ. ಕಂಪ್ಯೂಟರ್‌ಗೆ ಅವು ಎರಡು ಬೇರೆ ಬೇರೆ ಅಕ್ಷರ. ಈಗಲೂ ಹೊಸಬರು ಸೇರಿದರೆ ನಾನು ಮೊದಲು ತೋರಿಸುವುದು ಆ ಸೊನ್ನೆಯನ್ನೇ.

ಇದೆಲ್ಲ ಒಂದು ಹಂತಕ್ಕೆ ಬಂತು ಅನ್ನುವಾಗ ಆ ಸಾಫ್ಟ್‌ವೇರ್ ಬದಲಾಯಿಸಬೇಕಾಗಿ ಬಂತು. ಮಾರಿದವರು ಅದನ್ನು ನೋಡಿಕೊಳ್ಳುವುದನ್ನು ನಿಲ್ಲಿಸಿದರು. ನಮ್ಮ ದಾಖಲೆಗಳನ್ನು ಹೊರಗೆ ತೆಗೆದುಕೊಡಿ ಅಂದರೆ ಅವರು ಕೊಟ್ಟದ್ದು ಒಂದು ಪಟ್ಟಿ. ಅದರಲ್ಲಿ 500 ಇರಲಿಲ್ಲ. ಎರಡು ವರ್ಷ ಕೂತು ಸೇರಿಸಿದ್ದು ಅವರ ಪಟ್ಟಿಯಲ್ಲಿ ಇರಲಿಲ್ಲ. ಆ ದಿನ ನನಗೆ ಊಟ ಸೇರಲಿಲ್ಲ. ಪುಣ್ಯಕ್ಕೆ ನಾನು ಪ್ರತಿ ತಿಂಗಳು ಸೇರಿಸಿದ ಟಿಪ್ಪಣಿಗಳ ಮುದ್ರಿತ ಪ್ರತಿ ತೆಗೆದು ಫೈಲಿನಲ್ಲಿ ಇಟ್ಟಿದ್ದೆ. ಮೂರು ಡಬ್ಬ ಕಾರ್ಡೂ ನನ್ನ ಬೀರುವಿನಲ್ಲೇ ಇತ್ತು. ಲೈಬ್ರರಿಯವರು ಯಾವುದೇ ಸಾಫ್ಟ್‌ವೇರ್ ತೆಗೆದುಕೊಳ್ಳುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಒಳಗೆ ಹಾಕುವುದು ಹೇಗೆ ಅಂತ ಅಲ್ಲ. ಪೂರ್ತಿಯಾಗಿ ಹೊರಗೆ ತೆಗೆಯುವುದು ಹೇಗೆ ಅಂತ. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಆಮೇಲೆ ನಾವು ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್‌ಗೆ ಹೋದೆವು. ಕೋಹಾ ಹುಟ್ಟಿದ್ದು ನ್ಯೂಜಿಲೆಂಡ್‌ನಲ್ಲಿ, ಹೊರೊವೆನುವಾ ಲೈಬ್ರರಿ ಟ್ರಸ್ಟ್‌ಗಾಗಿ. ಅವರ ಹಳೆ ಸಾಫ್ಟ್‌ವೇರ್ 2000ನೇ ಇಸವಿ ದಾಟುವ ಹಾಗಿರಲಿಲ್ಲ, ಹಾಗಾಗಿ ಹೊಸದೊಂದನ್ನು ಬರೆಸಿದರು. ಬರೆಸಿ ತಾವೊಬ್ಬರೇ ಇಟ್ಟುಕೊಳ್ಳಲಿಲ್ಲ, ಯಾರು ಬೇಕಾದರೂ ಬಳಸಿ, ತಿದ್ದಿ ಅಂತ ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಒಂದು ಸಣ್ಣ ಲೈಬ್ರರಿಯ ತುರ್ತು ಪ್ರಪಂಚದ ಸಾವಿರಾರು ಲೈಬ್ರರಿಗಳಿಗೆ ಉಪಕಾರ ಆಯಿತು. ನನಗೆ ಆ ಹೆಸರಿನ ಮೇಲೆ ಇವತ್ತಿಗೂ ಪ್ರೀತಿ. ಟಿಪ್ಪಣಿಗಳನ್ನು ಮತ್ತೆ ಟೈಪ್ ಮಾಡಿದೆವು. ಈ ಸಲ ನಾನೊಬ್ಬಳೇ ಅಲ್ಲ, ಸಹೋದ್ಯೋಗಿಗಳೂ ಕೂತರು. ಎಂಟು ತಿಂಗಳಲ್ಲಿ ಮುಗಿಯಿತು.

ಕಾರ್ಡಿನ ಡ್ರಾಯರ್‌ಗಳನ್ನು ಆ ಸುಮಾರಿಗೇ ಹೊರಗೆ ಸಾಗಿಸಿದರು. ಅಮೆರಿಕದ ಓಸಿಎಲ್‌ಸಿ ಸಂಸ್ಥೆ ಬೇರೆ ಬೇರೆ ಲೈಬ್ರರಿಗಳಿಗೆ ಕಾರ್ಡು ಮುದ್ರಿಸಿ ಕಳಿಸುತ್ತಿತ್ತು. 1971ರಿಂದ ಸುಮಾರು 190 ಕೋಟಿ ಕಾರ್ಡು. ಅದು ಕೊನೆಯ ಕಾರ್ಡುಗಳನ್ನು ಮುದ್ರಿಸಿದ್ದು 2015ರ ಅಕ್ಟೋಬರ್ 1ರಂದು. ಆ ಸುದ್ದಿ ಓದಿದ ದಿನ ಬೀರು ತೆಗೆದು ಒಂದು ಕಾರ್ಡು ಕೈಯಲ್ಲಿ ಹಿಡಿದು ನೋಡಿದೆ. ಅಂಚುಗಳು ಬೆರಳು ತಾಗಿ ತಾಗಿ ಮೆತ್ತಗಾಗಿದ್ದವು. ಜಾಸ್ತಿ ಬಳಕೆಯಾದ ವಿಷಯದ ಕಾರ್ಡುಗಳ ಮೇಲ್ತುದಿ ಕಪ್ಪಾಗಿರುತ್ತಿತ್ತು. ಯಾವ ವಿಷಯಕ್ಕೆ ಜನ ಬರುತ್ತಾರೆ ಅಂತ ಡ್ರಾಯರ್ ಎಳೆದ ಕೂಡಲೇ ಗೊತ್ತಾಗುತ್ತಿತ್ತು.

ರೇಡಿಯೋ ಅಲೆಯಿಂದ ಪುಸ್ತಕ ಗುರುತಿಸುವ ಆರ್‌ಎಫ್‌ಐಡಿ ಬಂದ ಮೇಲೆ ಕೌಂಟರ್ ಕೆಲಸ ಹಗುರಾಯಿತು. ಪುಸ್ತಕದೊಳಗೆ ಒಂದು ತೆಳು ಟ್ಯಾಗ್. ಐದಾರು ಪುಸ್ತಕ ಒಟ್ಟಿಗೆ ಇಟ್ಟರೂ ಓದಿಕೊಳ್ಳುತ್ತದೆ. ಎಲ್ಲ ಪುಸ್ತಕಕ್ಕೂ ಒಂದೇ ಜಾಗದಲ್ಲಿ ಟ್ಯಾಗ್ ಅಂಟಿಸಬಾರದು ಅನ್ನುವುದನ್ನು ಮಾತ್ರ ನೆನಪಿಡಿ. ತೆಳು ಪುಸ್ತಕಗಳನ್ನು ಪೇರಿಸಿದಾಗ ಟ್ಯಾಗ್‌ಗಳು ಒಂದರ ಮೇಲೊಂದು ಬಂದರೆ ಯಂತ್ರ ಒಂದೆರಡನ್ನು ಬಿಟ್ಟುಬಿಡುತ್ತದೆ. ಲೋಹದ ಮುಚ್ಚಿಗೆ ಇದ್ದರೂ ಅಷ್ಟೇ. ಎಲ್ಲ ಪುಸ್ತಕ ಇವೆಯೇ ಅಂತ ಲೆಕ್ಕ ನೋಡುವ ಸ್ಟಾಕ್ ವೆರಿಫಿಕೇಶನ್‌ಗೆ ಮೊದಲು ಒಂದು ತಿಂಗಳು ಹಿಡಿಯುತ್ತಿತ್ತು, ಈಗ ಕೈಯಲ್ಲಿ ಹಿಡಿಯುವ ಯಂತ್ರವನ್ನು ರ್‍ಯಾಕ್ ಪಕ್ಕ ಸರಿಸಿಕೊಂಡು ಹೋದರೆ ಕೆಲವೇ ದಿನ. ಉಳಿದ ಸಮಯ ಓದುಗರ ಜೊತೆ ಕೂರಲು ಸಿಕ್ಕಿತು.

ಇ-ಜರ್ನಲ್‌ಗಳ ವಿಷಯದಲ್ಲಿ ನನಗೆ ಅಷ್ಟು ಸಮಾಧಾನ ಇಲ್ಲ. ಬಂದದ್ದು ಒಳ್ಳೆಯದೇ. ಓದುಗರು ಮನೆಯಲ್ಲೇ ಕೂತು ಓದುತ್ತಾರೆ. ಆದರೆ ಮುದ್ರಿತ ಸಂಚಿಕೆ ಒಮ್ಮೆ ಕೊಂಡರೆ ಲೈಬ್ರರಿಯದ್ದು. ಮುಂದಿನ ವರ್ಷ ಹಣ ಕಟ್ಟದಿದ್ದರೂ ಹಳೆಯದು ರ್‍ಯಾಕ್‌ನಲ್ಲಿ ಇರುತ್ತದೆ. ಚಂದಾ ಜರ್ನಲ್‌ನಲ್ಲಿ ಎಷ್ಟೋ ಸಲ ನಾವು ಕೊಳ್ಳುವುದು ಓದುವ ಅನುಮತಿ ಮಾತ್ರ. ಒಂದು ವರ್ಷ ನಮ್ಮ ಚಂದಾ ನಿಂತಿತು. ಮರುದಿನ ಬೆಳಿಗ್ಗೆ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬಂದು, "ಮೇಡಂ, ನಿನ್ನೆ ಓದ್ತಿದ್ದ ಲೇಖನ ಇವತ್ತು ತೆಗೀತಿಲ್ಲ" ಅಂದಳು. ಅವಳು ಅರ್ಧ ಓದಿದ್ದಳು. ಹಿಂದಿನ ಹತ್ತು ವರ್ಷದ ಸಂಚಿಕೆಗಳೂ ಹೋಗಿದ್ದವು. ಒಪ್ಪಂದದಲ್ಲಿ ಹಳೆ ಸಂಚಿಕೆಗಳು ಶಾಶ್ವತವಾಗಿ ಸಿಗಬೇಕು ಅನ್ನುವ ಸಾಲು ಇದೆಯೇ ಅಂತ ಸಹಿ ಮಾಡುವ ಮೊದಲು ನೋಡಬೇಕಿತ್ತು. ಈಗ ನಾನು ಅದನ್ನು ಓದದೆ ಯಾವ ಕಾಗದವನ್ನೂ ಮುಂದಕ್ಕೆ ಕಳಿಸಲ್ಲ.

2020ರಲ್ಲಿ ಲೈಬ್ರರಿ ಬಾಗಿಲು ಮುಚ್ಚಿತು. ನಾವೆಲ್ಲ ಮನೆಯಲ್ಲಿ. ಆನ್‌ಲೈನ್ ಕ್ಯಾಟಲಾಗ್ ಮಾತ್ರ ತೆರೆದಿತ್ತು. ಜೂನ್ ತಿಂಗಳಲ್ಲಿ ಒಂದು ಇಮೇಲ್ ಬಂತು. ಸಾಂಕ್ರಾಮಿಕ ರೋಗಗಳ ಇತಿಹಾಸದ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬರದ್ದು. ನಿಮ್ಮ ಕ್ಯಾಟಲಾಗ್‌ನಲ್ಲಿ 'ಕ್ವಾರಂಟೈನ್' ಅಂತ ಹುಡುಕಿದೆ, ಆರು ಪುಸ್ತಕ ಬಂತು, ಐದು ನನಗೆ ಗೊತ್ತಿದ್ದವೇ, ಆರನೆಯದು ಒಂದು ಪ್ರವಾಸ ಕಥನ, ಅದರ 9ನೇ ಅಧ್ಯಾಯ ಬೇಕಿತ್ತು, ಹೇಗಾದರೂ ಸಿಗುತ್ತದೆಯೇ ಅಂತ ಕೇಳಿದ್ದರು.

ಆ ಪುಸ್ತಕದ ಹೆಸರಿನಲ್ಲಿ ಕ್ವಾರಂಟೈನ್ ಇಲ್ಲ. ವಿಷಯದಲ್ಲಿ ಇಲ್ಲ. ಇರುವುದು 500ರಲ್ಲಿ ಮಾತ್ರ.

ಅನುಮತಿ ತೆಗೆದುಕೊಂಡು ಒಂದು ದಿನ ಲೈಬ್ರರಿಗೆ ಹೋದೆ. ಕಾರಿಡಾರ್‌ನಲ್ಲಿ ಒಬ್ಬರೂ ಇಲ್ಲ. 910ರ ರ್‍ಯಾಕ್ ಹುಡುಕಿ ಪುಸ್ತಕ ತೆಗೆದೆ. ಹಿಂದಿನ ರಟ್ಟಿನ ಒಳಗೆ ಅಂಟಿಸಿದ್ದ, ಪುಸ್ತಕ ಹಿಂದಿರುಗಿಸುವ ತಾರೀಖು ಒತ್ತುವ ಡ್ಯೂ ಸ್ಲಿಪ್‌ನಲ್ಲಿ ಕೊನೆಯ ಮುದ್ರೆ 1988ರದ್ದು. 32 ವರ್ಷ ಅದನ್ನು ಯಾರೂ ಓದಲು ಒಯ್ದಿರಲಿಲ್ಲ. ಆ ಒಂದು ಅಧ್ಯಾಯ ಸ್ಕ್ಯಾನ್ ಮಾಡಿ ಕಳಿಸಿದೆ. ಮೊದಲ ಸಲ ಅದು ತುಂಬಾ ಮಸುಕಾಗಿ ಬಂತು, ಎರಡನೇ ಸಲ 400 ಡಿಪಿಐನಲ್ಲಿ ಮಾಡಿದೆ. ಅವತ್ತೇ ಸಂಜೆ ಸರ್‌ಗೆ ಫೋನ್ ಮಾಡಿದೆ. ಎಂಬತ್ತು ದಾಟಿತ್ತು ಅವರಿಗೆ. ಪುಸ್ತಕದ ಹೆಸರು ಹೇಳಿದ ಕೂಡಲೇ, "ಓ, ಹಡಗಿಂದಾ?" ಅಂದರು. ಆಮೇಲೆ ಆ ಅಧ್ಯಾಯದ ಕಥೆಯನ್ನು ಹತ್ತು ನಿಮಿಷ ಹೇಳಿದರು.

ಈಗಿನ ಕೆಲಸದಲ್ಲಿ ಹೊಸದೊಂದು ಸೇರಿದೆ. ಓದುಗರು ಎಐ ಕೊಟ್ಟ ಪಟ್ಟಿ ಹಿಡಿದು ಬರುತ್ತಾರೆ. ಲೇಖಕರ ಹೆಸರು, ಲೇಖನದ ಹೆಸರು, ಜರ್ನಲ್, ಸಂಪುಟ, ಪುಟ, ಎಲ್ಲ ಅಚ್ಚುಕಟ್ಟು. ಕಳೆದ ವಾರ ಒಬ್ಬ ಹುಡುಗ ಹನ್ನೆರಡು ಲೇಖನಗಳ ಪಟ್ಟಿ ತಂದ. ಏಳು ಸಿಕ್ಕವು. ಉಳಿದ ಐದಕ್ಕೆ ಇಬ್ಬರೂ ಕೂತು ಹುಡುಕಿದೆವು. ಜರ್ನಲ್ ಇದೆ. ಆ ಸಂಪುಟವೂ ಇದೆ. ರ್‍ಯಾಕ್‌ನಿಂದ ಇಳಿಸಿ ಆ ಪುಟ ತೆಗೆದರೆ ಬೇರೆ ಯಾರದ್ದೋ ಬೇರೆ ವಿಷಯದ ಲೇಖನ. ಲೇಖಕರು ನಿಜವಾದವರು, ಅದೇ ವಿಷಯದಲ್ಲಿ ಕೆಲಸ ಮಾಡಿದವರು. ಆದರೆ ಅಂಥ ಲೇಖನ ಅವರು ಬರೆದೇ ಇಲ್ಲ. ಹುಡುಗ ಬೆಪ್ಪಾಗಿ ನಿಂತ. "ಹಾಗಾದ್ರೆ ಇದು ಸುಳ್ಳಾ ಮೇಡಂ?" ಅಂದ.

ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಕೂರಿಸಿಕೊಂಡು ತೋರಿಸಿದೆ. ಡಿಒಐ, ಅಂದರೆ ಲೇಖನಕ್ಕೆ ಕೊಟ್ಟ ಡಿಜಿಟಲ್ ಗುರುತಿನ ಸಂಖ್ಯೆ ಇದ್ದರೆ ಅದನ್ನು ತೆಗೆದು ನೋಡು. ಇಲ್ಲದಿದ್ದರೆ ಜರ್ನಲ್‌ನ ಆ ಸಂಚಿಕೆಯ ಪರಿವಿಡಿ ನೋಡು. ಅಲ್ಲಿಯೂ ಇಲ್ಲದಿದ್ದರೆ ಅದನ್ನು ನಿನ್ನ ಪ್ರಬಂಧದಲ್ಲಿ ಹಾಕಬೇಡ. ಕಾರ್ಡು ಇದ್ದ ಕಾಲದಲ್ಲಿ ಪುಸ್ತಕ ಇರುತ್ತಿತ್ತು, ಕಾರ್ಡು ತಪ್ಪಿಹೋಗುತ್ತಿತ್ತು. ಈಗ ಕಾರ್ಡು ಚೆನ್ನಾಗಿರುತ್ತದೆ, ಪುಸ್ತಕವೇ ಇರುವುದಿಲ್ಲ. ನನ್ನ ಹಿರಿಯರು ಈ ತರಹದ ತಪ್ಪನ್ನು ಕಂಡಿರಲಿಲ್ಲ. ಆದರೆ ಹುಡುಕುವ ದಾರಿ ಅವರು ಕಲಿಸಿದ್ದೇ. ಹಿಂದಿನದ್ದು ನೋಡು, ಮುಂದಿನದ್ದು ನೋಡು, ನಡುವೆ ಅದು ಇರಬೇಕಾದ ಜಾಗ ನೋಡು. ಸಿಕ್ಕ ಏಳು ಲೇಖನಗಳ ಪೈಕಿ ಎರಡರ ಕೊನೆಯ ಉಲ್ಲೇಖ ಪಟ್ಟಿಯಿಂದ ಅವನಿಗೆ ಬೇಕಾದ ನಾಲ್ಕು ಹೊಸ ಲೇಖನ ಸಿಕ್ಕವು. ಸಾಯಂಕಾಲ ಐದಕ್ಕೆ ಬಂದವನು ಏಳೂವರೆ ತನಕ ಕೂತಿದ್ದ.

ನನ್ನ ಜೊತೆ ಈಗ ಕೆಲಸ ಮಾಡುವ ಹುಡುಗಿ ಸೇರಿ ಒಂದು ವರ್ಷ ಆಯಿತು. ಅವಳು ಮಾಡಿದ ಎಂಟ್ರಿಗಳು ಕೂಡಲೇ ಓದುಗರಿಗೆ ಕಾಣದ ಹಾಗೆ ಕೋಹಾದಲ್ಲಿ ಮರೆಮಾಡಿ ಇಡುತ್ತೇವೆ. ಸಂಜೆ ನಾನು ಒಂದೊಂದಾಗಿ ನೋಡಿ ತೆರೆಯುತ್ತೇನೆ. ಅವಳಿಗೆ ಕಂಬಿಯ ಕಥೆ ಹೇಳಿದ್ದೇನೆ. "ಇವತ್ತು ಹದಿನಾಲ್ಕು ಕಂಬಿ ಮೇಲಿವೆ ಮೇಡಂ" ಅಂತಲೇ ಈಗ ಹೇಳುತ್ತಾಳೆ.

ನಿನ್ನೆ ಅವುಗಳಲ್ಲಿ ಒಂದು ಸೇತುವೆ ಕಟ್ಟುವ ಎಂಜಿನಿಯರಿಂಗ್ ಪುಸ್ತಕ. 245 ಸರಿ ಇತ್ತು, 020 ಸರಿ ಇತ್ತು. ಕೆಳಗೆ ಬಂದೆ. 500ರಲ್ಲಿ ಒಂದು ಸಾಲು ಇತ್ತು: "ಅನುಬಂಧ 2ರಲ್ಲಿ ಕೆಲಸಗಾರರು ಹೇಳಿದ ಹಾಡುಗಳಿವೆ. ಜಾನಪದ ಕೇಳುವವರಿಗೆ ತೋರಿಸಿ." ನಾನು ಅದನ್ನು ಬರೆಯಲು ಹೇಳಿರಲಿಲ್ಲ. ಪುಸ್ತಕ ತರಿಸಿ ಅನುಬಂಧ ತೆಗೆದು ನೋಡಿದೆ. ಹಾಡುಗಳಿದ್ದವು, ಹನ್ನೊಂದು. ಎಂಟ್ರಿ ತೆರೆದೆ.